ಇಬ್ಬರ ಆಳ

ಪಾವನವೆಂದು ನಾವು ತಲೆಯ ಮೇಲೆ ಹೊತ್ತುಕೊಂಡದ್ದನ್ನೂ ಹೇಯವೆಂದು ಮೂಗು ಮುಚ್ಚಿಕೊಂಡು ದಾಟಿದ್ದನ್ನೂ ಕೊನೆಗೆ ಒಂದೇ ಮಣ್ಣಾಗಿಸುವ ಸ್ವಾಮಿಯೇ, ಹೆಸರಿನ ಹಂಗಿಲ್ಲದವನೇ, ಮೊದಲು ನಿನಗೆ ನಮಸ್ಕಾರ. ಹೇಳುವ ನಾಲಗೆಯನ್ನು ಶುದ್ಧಗೊಳಿಸು. ಹೇಳಬೇಕಾದ ಸಂಗತಿಯೇ ಅಶುದ್ಧವಾಗಿದ್ದರೆ ಅದನ್ನು ಹೂವಿನಿಂದ ಮುಚ್ಚದಿರುವ ಧೈರ್ಯವನ್ನೂ ಕೊಡು.

*

ಎರಡನೆಯ ಏಟಿಗೆಂದು ಗುದ್ದಲಿಯನ್ನು ಮೇಲೆತ್ತಿದ ಮುದುಕ ಅದನ್ನು ಇಳಿಸಲಿಲ್ಲ. ಗೋಡೆಗೊರಗಿ ನಿಂತಿದ್ದ ಸಮಾಧಿಗಲ್ಲುಗಳ ಸಾಲನ್ನೊಮ್ಮೆ, ತನ್ನೆದುರಿಗಿದ್ದ ಹೆಂಗಸನ್ನೊಮ್ಮೆ ಪೊರೆಬಂದ ಕಣ್ಣುಗಳಿಂದ ನೋಡಿ, ಗುದ್ದಲಿಯನ್ನು ಕಲ್ಲಿಗೆ ಆನಿಸಿಟ್ಟ.

“ನನ್ನ ಕೈಲಿ ಆಗಲ್ಲ ಮಗಳೇ.”

“ಸುಸ್ತಾಯ್ತಾ ಚಿಕ್ಕಪ್ಪ? ಕೊಡಿ, ಇವರು ಅಗೀತಾರೆ,” ಎಂದು ಆಕೆ ತನ್ನ ಗಂಡನ ಕಡೆ ಕೈ ತೋರಿದಳು.

ಚಿಕ್ಕಪ್ಪನೆಂದು ಕರೆದರೂ ಅವನು ರಕ್ತಸಂಬಂಧಿಯಲ್ಲ. ಆಕೆಯ ತಂದೆಯೂ ಅವನೂ ಮೂವತ್ತೆಂಟು ವರ್ಷ ಈ ಸ್ಮಶಾನದಲ್ಲಿ ಜೊತೆಯಾಗಿ ಗುಂಡಿ ತೋಡಿದವರು. ಈಗ ಆ ತಂದೆ, ಮೊನ್ನೆ ಬೆಳಗ್ಗೆ ಬಾಡಿಗೆಯ ಕೋಣೆಯಲ್ಲಿ ನಿದ್ದೆಯಿಂದ ಏಳದೆ ಹೋದವನು, ಮರದ ಪೆಟ್ಟಿಗೆಯಲ್ಲಿ ಮಲಗಿ, ಹೊರಗೇಟಿನ ಬಳಿ ಕೈಗಾಡಿಯ ಮೇಲೆ ಕಾಯುತ್ತಿದ್ದ. ಒಳಗೆ ಬರಲು ಅವನಿಗೆ ಇನ್ನೂ ಅಪ್ಪಣೆಯಾಗಿರಲಿಲ್ಲ.

ಮುನ್ನೂರು ವರ್ಷಗಳ ಹಳೆಯ ಸ್ಮಶಾನವದು. ಸುತ್ತಲೂ ನಗರ ಬೆಳೆದು, ಮರಗಳು ಉಳಿದಿರುವ ಜಾಗ ಇದೊಂದೇ ಎಂಬಂತಾದ ಮೇಲೆ, ಸಮಿತಿಯವರು ಹೊಸ ಹೆಣಗಳನ್ನು ಹೂಳುವುದನ್ನು ನಿಲ್ಲಿಸಿ, ಗೇಟಿನ ಮೇಲೆ ‘ಪಾರಂಪರಿಕ ಹಸಿರು ತಾಣ’ ಎಂದು ಬರೆಸಿದ್ದರು. ಮೊದಲೇ ಜಾಗ ಉಳಿಸಿಕೊಂಡಿದ್ದ ಹಳೆಯ ಕುಟುಂಬಗಳಿಗೆ ಮಾತ್ರ ವಿನಾಯಿತಿ. ಆ ಹೊತ್ತಿಗೆ ಹುಲ್ಲಿನ ಮೇಲೆ ಮೂವತ್ತು ಜನ ಕೈ ಮೇಲೆತ್ತಿ, ಶಿಳ್ಳೆಗೆ ಸರಿಯಾಗಿ, ಬಲವಂತವಾಗಿ ನಗುತ್ತಿದ್ದರು, ಆರೋಗ್ಯಕ್ಕೆ ಒಳ್ಳೆಯದಂತೆ. ಒಬ್ಬ ಗೃಹಸ್ಥ ಒಂದು ಕಾಲನ್ನು ಸಮಾಧಿಯ ಮೇಲಿಟ್ಟು ತೊಡೆಯ ನರಗಳನ್ನು ಎಳೆದುಕೊಳ್ಳುತ್ತಿದ್ದ. ಹೆಸರು ಸವೆದುಹೋದ ಕಲ್ಲೊಂದರ ನೆತ್ತಿಯಲ್ಲಿ ಯಾರೋ ಕುಡಿದಿಟ್ಟ ಕಾಗದದ ಲೋಟ. ಅದರೊಳಗೆ ಸಿಗರೇಟಿನ ತುಂಡುಗಳು ಉಬ್ಬಿ ತೇಲುತ್ತಿದ್ದವು.

ಕೈಗಾಡಿಗೆ ಕಾವಲಿದ್ದ ಅತ್ತೆ, ಎಂದರೆ ಸತ್ತವನ ಅಕ್ಕ, ಕಾದು ಕಾದು ಬೇಸತ್ತು ಅಲ್ಲಿಗೇ ನಡೆದು ಬಂದಳು.

“ಹತ್ತು ಗಂಟೆವರೆಗೂ ಬಿಡಲ್ಲವಂತೆ. ವಾಯುವಿಹಾರಕ್ಕೆ ಬಂದೋರ ಮನಸ್ಸು ಕೆಡುತ್ತಂತೆ. ಸ್ಮಶಾನಕ್ಕೆ ಹೆಣ ತರಬೇಡಿ ಅಂತಾರಲ್ಲೇ. ನಾಳೆ ಒಲೆ ಹತ್ತಿರ ಬೆಂಕಿ ತರಬೇಡಿ ಅಂತಾರೆ.”

“ಸುಮ್ನಿರತ್ತೆ. ಬಿಟ್ಟಿರೋದೇ ಹೆಚ್ಚು.”

“ನಾನು ಸುಮ್ನೇ ಇದ್ದೀನಿ. ಅಲ್ಲಿ ಮೂವತ್ತು ಜನ ನಗ್ತಾ ಇದ್ದಾರೆ ನೋಡು, ಅವರಿಗೆ ಹೇಳು.”

ಬಸ್ಸು ಓಡಿಸುವ ಅಳಿಯ ಗುದ್ದಲಿಯನ್ನೆತ್ತಿಕೊಂಡ. ಮುದುಕ ಅವನ ಮೊಣಕೈ ಹಿಡಿದು ತಡೆದ.

“ಸುಸ್ತಾಗಿಲ್ಲಪ್ಪ. ಇಲ್ಲಿ ತೋಡೋಕೆ ಏನೂ ಇಲ್ಲ. ಕಲ್ಲು ಇಲ್ಲಿದೆ. ಅವಳಿಲ್ಲ.”

*

ಅವಳೆಂದರೆ ಈ ಮಗಳ ತಾಯಿ. ಮಗಳಿಗೆ ಆರು ವರ್ಷವಾಗಿದ್ದಾಗ ಜ್ವರದಲ್ಲಿ ತೀರಿಕೊಂಡಳು. ಅಂದು ಗಂಡನೂ ಅವನ ಜೊತೆಗಾರನೂ ಸೂರ್ಯ ಹುಟ್ಟುವ ಮೊದಲೇ ಅಗೆಯಲು ತೊಡಗಿ, ಐದಡಿಗೆ ನಿಲ್ಲಿಸದೆ ಎಂಟಡಿಯವರೆಗೆ ಇಳಿದರು. ಗುಂಡಿ ತೋಡುವವರ ಮಾತಿನಲ್ಲಿ ಅದಕ್ಕೆ ಇಬ್ಬರ ಆಳ ಎಂದು ಹೆಸರು. ಮೊದಲು ಹೋದವರು ಕೆಳಗೆ, ಆಮೇಲೆ ಬರುವವರು ಮೇಲೆ. ನಡುವೆ ಒಂದು ಚಪ್ಪಡಿ ಹಾಸಬೇಕು. ಎಷ್ಟೋ ವರ್ಷಗಳ ನಂತರ ಮತ್ತೆ ತೋಡುವ ಕೈ ಯಾರದೋ ಏನೋ, ಅವನ ಗುದ್ದಲಿ ಕಲ್ಲಿಗೆ ತಾಕಿ ನಿಲ್ಲಬೇಕೇ ಹೊರತು ಕೆಳಗೆ ಮಲಗಿದವರನ್ನು ಮುಟ್ಟಬಾರದು.

ಚಪ್ಪಡಿಯನ್ನು ಹಗ್ಗದಲ್ಲಿ ಇಳಿಸಿ, ಅದರ ಮೇಲೆ ನಿಂತು, ಗಂಡ ಸುತ್ತಲೂ ಕೈಯಾಡಿಸಿ ನೋಡಿದ್ದ.

“ಮೇಲೆ ಬಾರೋ,” ಎಂದಿದ್ದ ಜೊತೆಗಾರ.

“ಅಗಲ ಸಾಕಾ ಅಂತ ನೋಡ್ತಿದ್ದೆ.”

“ನೀನೇನು ದಪ್ಪ ಆಗ್ತೀಯಾ ಬಿಡು. ನಿನ್ನ ಅಡುಗೆ ನೀನೇ ತಿನ್ನಬೇಕಲ್ಲ ಇನ್ಮೇಲೆ.”

ಇಬ್ಬರೂ ನಕ್ಕಿದ್ದರು. ಅನಂತರ ಮೇಲಿದ್ದವನು ಕೆಳಗಿದ್ದವನಿಗೆ ಕೈ ಕೊಟ್ಟ. ಕೆಳಗಿದ್ದವನು ಅದನ್ನು ಹಿಡಿಯಲು ಬಹಳ ಹೊತ್ತು ತೆಗೆದುಕೊಂಡ.

*

“ಅಮ್ಮ ಇಲ್ಲಿಲ್ಲ ಅಂದ್ರೆ ಏನರ್ಥ?” ಮಗಳ ದನಿ ಏರಲಿಲ್ಲ, ಇಳಿಯಿತು. “ಹದಿನೆಂಟು ವರ್ಷದಿಂದ ನಾನು ಇಲ್ಲೇ ಹೂ ಇಡ್ತಾ ಇದ್ದೀನಿ.”

ಮುದುಕ ಕಲ್ಲಿಗೆ ಬೆನ್ನು ಕೊಟ್ಟು ಕುಳಿತ. ಹೇಳುವುದು ಅವನಿಗೆ ಸುಲಭವಾಗಿರಲಿಲ್ಲ. ಹೇಳುವುದಿಲ್ಲವೆಂದು ಜೊತೆಗಾರನಿಗೆ ಮಾತು ಕೊಟ್ಟಿದ್ದ.

ಹದಿನೆಂಟು ವರ್ಷಗಳ ಹಿಂದೆ ಸಮಿತಿ ಹುಲ್ಲು ಕತ್ತರಿಸುವ ಯಂತ್ರವನ್ನು ಕೊಂಡಿತು. ಕಲ್ಲುಗಳು ಅಡ್ಡ ಬರುತ್ತವೆ ಎಂದು ಯಂತ್ರದವನು ದೂರಿದ. ನಡುಮೈದಾನದ ನೂರಾಹನ್ನೊಂದು ಕಲ್ಲುಗಳನ್ನು ಕಿತ್ತು ಗೋಡೆಯುದ್ದಕ್ಕೂ ಸಾಲಾಗಿ ನಿಲ್ಲಿಸಿರೆಂದು ಆಜ್ಞೆಯಾಯಿತು. ನೋಡಲೂ ಅಂದ. ಕಿತ್ತವರು ಇವರಿಬ್ಬರೇ. ಹೆಂಡತಿಯ ಕಲ್ಲನ್ನು ಗಂಡನೇ ಬೆನ್ನ ಮೇಲೆ ಹೊತ್ತು ತಂದ. ಕೆಳಗಿನವರನ್ನು ಯಾರೂ ಸರಿಸಲಿಲ್ಲ. ಹೆಸರುಗಳು ಗೋಡೆಗೆ ಹೋದವು, ಜನ ಹುಲ್ಲಿನ ಕೆಳಗೆ ಉಳಿದರು. ಆಗ ಕೇಕು ಮಾಡುವ ಕೆಲಸ ಕಲಿಯಲು ಬೇರೆ ಊರಿನಲ್ಲಿದ್ದ ಮಗಳು ಮರಳಿ ಬಂದಾಗ, ತಂದೆ ಅವಳನ್ನು ಈ ಗೋಡೆಯ ಬಳಿಗೆ ಕರೆತಂದು, “ಎಲ್ಲರನ್ನೂ ಇಲ್ಲಿಗೆ ತಂದಿದ್ದಾರಮ್ಮ, ನೆರಳಿದೆ,” ಎಂದಿದ್ದ.

“ಸುಳ್ಳು ಹೇಳಿದ್ರಾ ಅಪ್ಪ?”

“ನೀನು ಹೂ ಇಟ್ಟು ಸಮಾಧಾನವಾಗಿ ಹೋಗ್ತಿದ್ದೆ. ಅದನ್ನ ನೋಡ್ತಾ ನಿಂತಿರ್ತಿದ್ದ.”

“ಹಾಗಾದ್ರೆ ಅಮ್ಮ ಎಲ್ಲಿ?”

ಮುದುಕ ಗೇಟಿನ ಬಳಿಯ ಕಲ್ಲಿನ ನೀರುತೊಟ್ಟಿಯ ಕಡೆ ಗಲ್ಲವೆತ್ತಿ ತೋರಿಸಿದ. “ತೊಟ್ಟಿಯ ಬಲಮೂಲೆಯಿಂದ ದೊಡ್ಡ ಮರದ ಕಡೆ ಅರವತ್ತೆರಡು ಹೆಜ್ಜೆ. ಅಲ್ಲಿಂದ ಎಡಕ್ಕೆ ಹತ್ತೊಂಬತ್ತು. ನನ್ನ ಹೆಜ್ಜೆಯಲ್ಲ, ನಿಮ್ಮಪ್ಪಂದು. ನೀನೇ ನಡಿ. ಹಿಂದಿನಿಂದ ನೋಡಿದ್ರೆ ನೀನು ಅವನೇ, ಅದೇ ಎಳೆದು ಹಾಕೋ ಕಾಲು.”

“ಬೈಯ್ತಿದ್ದೀರೋ ಹೊಗಳ್ತಿದ್ದೀರೋ,” ಎಂದ ಅಳಿಯ. ಯಾರೂ ನಗಲಿಲ್ಲ.

ಅವಳು ತೊಟ್ಟಿಯ ಮೂಲೆಯಿಂದ ನಡೆದಳು. ಮುದುಕ ಹಿಂದೆಯೇ ಬಂದು ಎಣಿಸಿದ. ವ್ಯಾಯಾಮದವರ ನಡುವೆ ಹಾದುಹೋದಾಗ ಒಬ್ಬಾಕೆ ಕೈ ಮೇಲೆತ್ತಿದಂತೆಯೇ ಇವಳನ್ನು ಕೆಕ್ಕರಿಸಿ ನೋಡಿದಳು. ಅರವತ್ತೆರಡಕ್ಕೆ ನಿಂತು, ಎಡಕ್ಕೆ ತಿರುಗಿದಳು. ಹತ್ತು, ಹನ್ನೊಂದು. ಹನ್ನೆರಡನೆಯ ಹೆಜ್ಜೆಗೆ ಒಂದು ಮರದ ಬೇಲಿ ಎದುರಾಯಿತು. ಅದರಾಚೆ ಚಚ್ಚೌಕವಾಗಿ ಮರಳು ಸುರಿದಿದ್ದರು. ಬೇಲಿಯ ಮೇಲಿನ ಹಲಗೆಯಲ್ಲಿ ನಾಯಿಯ ಚಿತ್ರ, ಅದರ ಕೆಳಗೆ ‘ನಿಮ್ಮ ಮುದ್ದಿನ ಮಿತ್ರರ ವಿಸರ್ಜನೆಗಾಗಿ’ ಎಂಬ ಬರಹ.

ವಾಸನೆ ಅವಳ ಗಂಟಲಿಗೇ ಬಂತು. ಎರಡು ದಿನಗಳಿಂದ ಯಾರೂ ಬಾಚದ ಮರಳು. ಹಳೆಯದು ಒಣಗಿ ಬೂದಿಬಣ್ಣಕ್ಕೆ ತಿರುಗಿತ್ತು. ಹೊಸದರ ಮೇಲೆ ಹಸಿರು ನೊಣಗಳು ಮುತ್ತಿ, ಏಳುತ್ತಾ ಕೂರುತ್ತಾ ಇದ್ದವು. ಬೇಲಿಯ ಒಳಮಗ್ಗುಲಿನ ಮೊಳೆಯಲ್ಲಿ ಒಂದು ಉದ್ದ ಹಿಡಿಯ ಇಕ್ಕಳ ತೂಗುತ್ತಿತ್ತು. ತೊಳೆದು, ಒರೆಸಿ, ಬಾಯಿ ಕೆಳಗಾಗಿ ನೇತುಹಾಕಿದ ಇಕ್ಕಳ. ಅದನ್ನು ಅವಳು ಬಲ್ಲಳು.

“ಇನ್ನೂ ಏಳು ಹೆಜ್ಜೆ,” ಎಂದ ಮುದುಕ ಹಿಂದಿನಿಂದ.

*

ಆರು ವರ್ಷಗಳ ಹಿಂದೆ, ತಂದೆ ಕೆಲಸದಿಂದ ನಿವೃತ್ತನಾದ ವರ್ಷವೇ, ಆ ಮರಳಿನ ಅಂಗಳವಾಯಿತು. ಸಂಬಳ ನಿಂತ ಮೇಲೂ ಅವನು ದಿನಕ್ಕೆ ಮೂರು ಸಲ ಅಲ್ಲಿಗೆ ಹೋಗುತ್ತಿದ್ದ. ನಾಯಿಗಳು ಮಾಡಿದ್ದನ್ನು ಇಕ್ಕಳದಿಂದ ಎತ್ತಿ ಬಕೆಟ್ಟಿಗೆ ಹಾಕಿ, ಮರಳನ್ನು ಸಮಮಾಡಿ ಬರುತ್ತಿದ್ದ. ನಾಯಿಯವರು ಅವನಿಗೆ ಇಕ್ಕಳಜ್ಜನೆಂದು ಹೆಸರಿಟ್ಟರು. ಸಮಿತಿಯವರು, ಮುದುಕನಿಗೆ ಹೊತ್ತು ಹೋಗುವುದಿಲ್ಲ, ಮಾಡಿಕೊಳ್ಳಲಿ ಬಿಡಿ ಎಂದರು.

ಮಗಳಿಗೆ ಆಗ ಸ್ವಂತ ಕೇಕಿನ ಅಂಗಡಿ. ಬಿಳಿಯ ಗೋಡೆ, ಬಿಳಿಯ ಮೇಜು. ಕೇಕಿನ ಮೇಲೆ ಸಕ್ಕರೆಯ ಗುಲಾಬಿ ಬಿಡಿಸುವುದರಲ್ಲಿ ಅವಳ ಕೈ ಹೆಸರಾಗಿತ್ತು. ಭಾನುವಾರ ತಂದೆ ಬಂದರೆ ಅಂಗಡಿಯ ಹಿಂದಿನ ನಲ್ಲಿಯ ಬಳಿ ನಿಲ್ಲಿಸಿ, ಮೊಣಕೈವರೆಗೆ ಮೂರು ಸಲ ಸೋಪು ಹಚ್ಚಿಸಿ, ಅವನಿಗೆಂದೇ ಬೇರೆ ಇಟ್ಟಿದ್ದ ಟವೆಲು ಕೊಡುತ್ತಿದ್ದಳು. ಚಹಾ ಹೊರಗಿನ ಸ್ಟೂಲಿಗೇ ಹೋಗುತ್ತಿತ್ತು. ಒಮ್ಮೆ ಗಿರಾಕಿಯೊಬ್ಬಳು ಅಲ್ಲೇ ಗುರುತು ಹಿಡಿದು, “ಅಯ್ಯೋ, ಇವರು ನಮ್ಮ ಇಕ್ಕಳಜ್ಜ ಅಲ್ವಾ,” ಎಂದು ನಕ್ಕು, ಮಾಡಲು ಹೇಳಿದ್ದ ಕೇಕನ್ನು ಬೇಡವೆಂದು ಹೋದಳು.

ಅಂದು ಮಗಳು ನುಂಗಿಕೊಂಡದ್ದನ್ನೆಲ್ಲ ಹೊರಹಾಕಿದಳು.

“ಸಂಬಳ ಕೊಡ್ತಾರಾ? ಬಲವಂತ ಮಾಡ್ತಾರಾ? ಇಲ್ಲ ತಾನೇ. ಮತ್ತೆ ನಾಯಿ ಹೇಲು ಬಾಚೋದ್ರಲ್ಲಿ ಏನು ಸುಖ ಇದೆ ಅಪ್ಪ ನಿಮಗೆ? ನೆನೆಸ್ಕೊಂಡ್ರೆ ನನಗೆ ಊಟ ಸೇರಲ್ಲ.”

ತಂದೆ ತನ್ನ ಟವೆಲನ್ನು ನಾಲ್ಕು ಮಡಿಕೆ ಮಾಡಿ ಸ್ಟೂಲಿನ ಮೇಲಿಟ್ಟ.

“ನನಗೂ ಸೇರಲ್ಲಮ್ಮ,” ಎಂದ.

ಅದಾದ ಮೇಲೆ ಅವನು ಬರುವ ಮೊದಲು ಸ್ನಾನ ಮಾಡಿಕೊಂಡೇ ಬರುತ್ತಿದ್ದ. ಅಂಗಡಿಯ ಒಳಗೆ ಒಂದು ಸಲವೂ ಕಾಲಿಡಲಿಲ್ಲ.

*

ಗಡಿಯಾರ ನೋಡಿಕೊಳ್ಳುತ್ತಾ ಸಮಿತಿಯ ಕಾರ್ಯದರ್ಶಿ ಬಂದರು. ಓಟದ ಬೂಟು, ಕೊರಳಲ್ಲಿ ಬೆವರಿನ ವಸ್ತ್ರ; ಅವರೂ ದಿನವೂ ಇಲ್ಲಿ ಆರು ಸುತ್ತು ಓಡುವವರೇ.

“ಇನ್ನೂ ಶುರುವೇ ಮಾಡಿಲ್ವಲ್ಲ. ಹತ್ತೂವರೆಗೆ ಶಾಲೆಯವರು ಹಕ್ಕಿ ನೋಡೋಕೆ ಬರ್ತಾರೆ. ಮಕ್ಕಳ ಕಣ್ಣಿಗೆ ಇದೆಲ್ಲ ಬೀಳಬಾರದು.”

“ಸಾರ್, ನಮ್ಮ ತಾಯಿ ಇಲ್ಲಿದ್ದಾರೆ,” ಎಂದಳು ಮಗಳು, ಮರಳನ್ನು ತೋರಿ.

ಕಾರ್ಯದರ್ಶಿ ಮೊದಲು ನಕ್ಕರು. ಆಮೇಲೆ ಬೆವರಿನ ವಸ್ತ್ರವನ್ನು ಮೂಗಿಗೆ ಹಿಡಿದರು. “ಕಲ್ಲು ಗೋಡೆ ಹತ್ತಿರ ಇದೆಯಲ್ಲಮ್ಮ. ಇಲ್ಲಿದ್ದಾರೆ ಅಂತ ಯಾರು ಹೇಳಿದ್ರು? ದಾಖಲೆ ಎಲ್ಲಿದೆ?”

“ನಕ್ಷೆ ಗೆದ್ದಲು ತಿಂತು ಅಂತ ನೀವೇ ಹೇಳಿದ್ರಿ,” ಎಂದ ಮುದುಕ. “ಈ ಅಂಗಳ ಮಾಡೋವಾಗ ಅವನು ನಿಮ್ಮ ಹತ್ತಿರ ಬಂದಿದ್ದ. ಅಲ್ಲಿ ಬೇಡ ಸ್ವಾಮಿ ಅಂದ. ಅಗೆದು ತೋರಿಸು, ಒಪ್ಕೋತೀನಿ ಅಂದ್ರಿ.”

“ಹೌದು, ತೋರಿಸಬಹುದಿತ್ತಲ್ಲ.”

“ಹೆಂಡತೀನ ಅಗೆದಾ?”

ಮುದುಕ ಕೈಗಾಡಿಯಿಂದ ತಂದಿದ್ದ ಕಬ್ಬಿಣದ ಸರಳನ್ನು ಹಿಡಿದು ಬೇಲಿ ದಾಟಿದ. ಗುಂಡಿ ತೋಡುವವರು ನೆಲವನ್ನು ಪರೀಕ್ಷಿಸುವ ಸರಳು ಅದು. ಆಳೆತ್ತರಕ್ಕೆ ಸ್ವಲ್ಪ ಕಡಿಮೆ. ಮೂರು ಕಡೆ ಚುಚ್ಚಿದಾಗ ಮೂರಡಿಗೇ ಗಟ್ಟಿನೆಲ ಸಿಕ್ಕಿತು. ನಾಲ್ಕನೆಯ ಕಡೆ ಸರಳು ತಡೆಯಿಲ್ಲದೆ ಇಳಿಯಿತು. ಎದೆಯ ಭಾರ ಹಾಕಿ ಒತ್ತಿದ. ಇನ್ನೂ ಇಳಿಯಿತು. ಕೊನೆಗೆ ನೆಲದೊಳಗಿನಿಂದ, ದೂರದಲ್ಲಿ ಯಾರೋ ಬಟ್ಟಲಿಟ್ಟಂತೆ, ಒಂದು ಸಣ್ಣ ಸದ್ದು ಬಂತು. ಎತ್ತಿ ಮತ್ತೆ ಬಿಟ್ಟ. ಮತ್ತೆ ಅದೇ ಸದ್ದು.

“ಚಪ್ಪಡಿ,” ಎಂದ ಮುದುಕ.

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುವಿಗೋ ವಾಸನೆಗೋ ತಿಳಿಯುವಂತಿರಲಿಲ್ಲ.

ಕಾರ್ಯದರ್ಶಿ ದನಿ ತಗ್ಗಿಸಿದರು. “ನೋಡಮ್ಮ, ಈ ಅಂಗಳ ದಾನಿಗಳು ಮಾಡಿಸಿಕೊಟ್ಟಿದ್ದು. ಕಿತ್ತುಹಾಕೋಕೆ ನನ್ನ ಕೈಲಿ ಆಗಲ್ಲ. ಒಂದು ಕೆಲಸ ಮಾಡಿ. ಗೋಡೆ ಹತ್ತಿರ, ಕಲ್ಲಿನ ಮುಂದೇನೇ ಹೊಸದಾಗಿ ತೋಡಿ. ನಿಯಮದಲ್ಲಿಲ್ಲ, ಆದ್ರೆ ನಾನು ನೋಡಿಲ್ಲ ಅಂದ್ಕೋತೀನಿ. ನೆರಳಿದೆ, ಹೂವಿನ ಗಿಡ ಇದೆ, ಅವರ ಹೆಸರನ್ನೂ ಕೆತ್ತಿಸಿ. ಯಾರಾದ್ರೂ ಕೇಳಿದ್ರೆ ಗಂಡ ಹೆಂಡತಿ ಜೊತೇಲಿದ್ದಾರೆ ಅಂತಾನೇ ಅಂದ್ಕೋತಾರೆ.”

“ಕೇಳೋರು ಅಂದ್ಕೋತಾರೆ,” ಎಂದಳು ಮಗಳು.

“ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ. ಇಲ್ಲಿ ಹೂಳಿದ್ರೆ ಸಂಜೆ ನಾಲ್ಕಕ್ಕೆ ಮರಳು ವಾಪಸ್ ಹಾಕಿಸ್ತೀನಿ. ನಾಯಿಯವರು ಬರ್ತಾರೆ. ಕಲ್ಲು ನಿಲ್ಲಿಸೋ ಹಾಗಿಲ್ಲ, ಗುರುತು ಹಾಕೋ ಹಾಗಿಲ್ಲ. ಯೋಚನೆ ಮಾಡಿ.”

ಅವಳು ಯೋಚಿಸಿದಳು. ಗೋಡೆಯ ಬುಡದ ಹೂವಿನ ಗಿಡಗಳು ಅಲ್ಲಿಂದಲೂ ಕಾಣುತ್ತಿದ್ದವು. ಬೇಲಿಯ ಒಳಗೆ ನೊಣವೊಂದು ಎದ್ದು ಅವಳ ತುಟಿಯ ಮೇಲೆ ಕುಳಿತಿತು; ಅವಳು ಬೇಲಿಯನ್ನು ಹಿಡಿದು ಬಾಗಿದಳು. ಬರಿಯ ನೀರು ಬಂತು. ಗಂಡ ಬೆನ್ನು ಸವರಿದ.

“ಗೋಡೆ ಹತ್ತಿರಾನೇ ಮಾಡೋಣ,” ಎಂದ ಅವನು. “ವರ್ಷಕ್ಕೊಂದು ಸಲ ಬಂದ್ರೆ ನಿಲ್ಲೋಕಾದ್ರೂ ಆಗಬೇಕಲ್ಲ.”

“ನನ್ನ ತಮ್ಮನ್ನ ಹೇಲಿನ ಕೆಳಗೆ ಹಾಕಿಸಬೇಡ ಕಣೇ,” ಎಂದಳು ಅತ್ತೆ. “ಬದುಕಿದ್ದಾಗ ಬಾಚಿದ್ದು ಸಾಲದೇ?”

ಮಗಳು ಬಾಯಿ ಒರೆಸಿಕೊಂಡು ಮುದುಕನ ಕಡೆ ತಿರುಗಿದಳು. “ಅಪ್ಪ ಏನು ಹೇಳಿದ್ರು ಚಿಕ್ಕಪ್ಪ? ಎಲ್ಲಿ ಇಡಿ ಅಂದ್ರು?”

“ಏನೂ ಹೇಳ್ಲಿಲ್ಲ. ನಿನಗೆ ತಿಳಿಸಬೇಡ ಅಂತ ಒಂದೇ ಮಾತು. ದಿನಾ ಮೂರು ಸಲ ಬರೋನು. ಬೆಳಗ್ಗೆ ಬಂದಾಗ ಮೊದಲು ಓಕರಿಸೋನು, ಅದೋ ಆ ಮರದ ಹಿಂದೆ ಹೋಗಿ. ಆರು ವರ್ಷವಾದ್ರೂ ಅಭ್ಯಾಸ ಆಗ್ಲಿಲ್ಲ ಅವನಿಗೆ. ಬಾಯಿ ಮುಕ್ಕಳಿಸಿ ಬಂದು ಇಕ್ಕಳ ತಗೊಳ್ಳೋನು.”

ಹುಲ್ಲಿನ ಮೇಲಿನವರ ಶಿಳ್ಳೆ ನಿಂತಿತು. ಯಾರೋ ಚಪ್ಪಾಳೆ ತಟ್ಟಿದರು.

“ಹೂಳೋಕೆ ಕೊಟ್ಟ ಅಪ್ಪಣೆ ಚೀಟಿಯಲ್ಲಿ ಏನು ಬರೆದಿದ್ದೀರಿ ಸಾರ್?” ಎಂದು ಮಗಳು ಕೇಳಿದಳು.

ಕಾರ್ಯದರ್ಶಿಗೆ ಅದು ಬಾಯಿಪಾಠವಿತ್ತು, ಬರೆದವರು ಅವರೇ. “ಹೆಂಡತಿಯ ಸಮಾಧಿಯಲ್ಲಿ, ಮೇಲಿನ ಸ್ಥಾನ.”

“ಇಲ್ಲೇ ತೋಡಿ ಚಿಕ್ಕಪ್ಪ.”

ಅಳಿಯ ಅಂಗಿಯ ತೋಳು ಮಡಿಸಿದ. ಮೊದಲು ಮೇಲಿನ ಹೊಲಸನ್ನು ತೆಗೆಯಬೇಕಿತ್ತು. ಅವನು ಸಲಿಕೆಗೆ ಕೈ ಚಾಚುವಷ್ಟರಲ್ಲಿ ಮಗಳು ಮೊಳೆಯಿಂದ ಇಕ್ಕಳವನ್ನು ತೆಗೆದುಕೊಂಡಿದ್ದಳು.

*

ಹಕ್ಕಿ ನೋಡಲು ಬಂದ ಮಕ್ಕಳನ್ನು ಶಿಕ್ಷಕಿ ಬೇರೆ ದಾರಿಯಿಂದ ಕರೆದೊಯ್ದಳು. ನಡುಹಗಲಿಗೆ ಪೆಟ್ಟಿಗೆ ಒಳಗೆ ಬಂತು. ಹಗ್ಗ ಹಿಡಿದು ಇಳಿಸುವಾಗ ಅತ್ತೆ ಪ್ರಾರ್ಥನೆ ಹೇಳಿದಳು. ಮೂಗು ಮುಚ್ಚಿಕೊಳ್ಳದೆ ಹೇಳಿದಳು. ಪೆಟ್ಟಿಗೆ ಚಪ್ಪಡಿಯ ಮೇಲೆ ಕುಳಿತಾಗ ಮುದುಕ ಬಾಗಿ ಎರಡೂ ಕಡೆ ಸರಳನ್ನು ಇಳಿಸಿ ಆಡಿಸಿದ.

“ಅಗಲ ಸಾಕು,” ಎಂದ.

ಮಣ್ಣು ಮುಚ್ಚಿ, ಮೆಟ್ಟಿ, ಸಮಮಾಡಿದರು. ಕಾರ್ಯದರ್ಶಿ ಆಡಿದ ಮಾತಿಗೆ ತಪ್ಪಲಿಲ್ಲ. ನಾಲ್ಕಕ್ಕೆ ಹದಿನೈದು ನಿಮಿಷವಿದ್ದಂತೆ ಇಬ್ಬರು ಆಳುಗಳು ಬಂದು ಮರಳು ಹರಡಿ, ಬೇಲಿಯ ಬಾಗಿಲನ್ನು ತೆರೆದಿಟ್ಟು ಹೋದರು. ಅತ್ತೆಯನ್ನೂ ಮುದುಕನನ್ನೂ ಮನೆಗೆ ಬಿಟ್ಟುಬರಲು ಗಂಡ ಹೋಗಿದ್ದ. ಮಗಳೊಬ್ಬಳೇ ಬೇಲಿಗೆ ಒರಗಿ ನಿಂತಿದ್ದಳು.

ಮೊದಲು ಬಂದಾಕೆಯ ಬಳಿ ಬಿಳಿಯ ಪುಟ್ಟ ನಾಯಿ, ಅದರ ಕೊರಳಿಗೆ ನೀಲಿ ಪಟ್ಟಿ. ಆಕೆ ಫೋನಿನಲ್ಲಿ ಮಾತಾಡುತ್ತಲೇ ಸರಪಳಿ ಬಿಚ್ಚಿದಳು. ನಾಯಿ ಮರಳಿನ ಮೇಲೆ ಮೂಗು ಎಳೆಯುತ್ತಾ ಹೋಗಿ, ಒಂದು ಕಡೆ ನಿಂತು, ಮೂರು ಸುತ್ತು ಸುತ್ತಿ, ಬೆನ್ನು ಬಗ್ಗಿಸಿತು.

ಆಕೆ ಅತ್ತಿತ್ತ ನೋಡಿದಳು. “ಇಕ್ಕಳಜ್ಜ ಬಂದಿಲ್ವಾ ಇವತ್ತು? ಎರಡು ದಿನದಿಂದ ಕಾಣ್ತಿಲ್ಲ. ಗಬ್ಬು ನಾರ್ತಿತ್ತು ಬೆಳಗ್ಗೆ.”

“ಬಂದಿದ್ದಾರೆ,” ಎಂದಳು ಮಗಳು.

“ಸದ್ಯ,” ಎಂದು ಆಕೆ ನಾಯಿಯನ್ನು ಕರೆದುಕೊಂಡು, ಫೋನನ್ನು ಮತ್ತೆ ಕಿವಿಗೆ ಹಿಡಿದು ಹೊರಟುಹೋದಳು.

ಮಗಳು ದೊಡ್ಡ ಮರದ ಹಿಂದೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ತೊಟ್ಟಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿ ಬಂದಳು. ಇಕ್ಕಳದಿಂದ ಎತ್ತಿ ಬಕೆಟ್ಟಿಗೆ ಹಾಕಿದಳು. ಅಲ್ಲಿ ಉಳಿದ ತಗ್ಗಿನ ಬಳಿ ಮೊಣಕಾಲೂರಿ, ಕೇಕಿನ ಮೇಲೆ ಸಕ್ಕರೆಯ ಎಸಳನ್ನು ಕೂರಿಸುವ ಅದೇ ಬೆರಳುಗಳಿಂದ, ಅಂಚಿನಿಂದ ನಡುವಿಗೆ, ಮರಳನ್ನು ಮೆಲ್ಲಗೆ ನಯಮಾಡತೊಡಗಿದಳು. ಬೇಲಿಯ ಬಾಗಿಲಲ್ಲಿ ಎರಡನೆಯ ನಾಯಿ ಸರಪಳಿಯನ್ನು ಜಗ್ಗುತ್ತಾ ನಿಂತಿತ್ತು.

*

ಇದನ್ನು ಕೇಳಿದವರೆಲ್ಲರಿಗೂ ಆ ಸ್ವಾಮಿಯ ದಯೆ ಒದಗಲಿ. ನೀವು ಮಲಗುವ ಮಣ್ಣು ನಿಮ್ಮ ಎದೆಗೆ ಹಗುರವಾಗಿರಲಿ. ನಿಮ್ಮ ಮೇಲೆ ಯಾರು ನಡೆದುಹೋದರೂ, ಅವರ ಹಿಂದೆ ಬಂದು ನೆಲವನ್ನು ಸವರುವ ಒಂದು ಕೈ ನಿಮಗೂ ಇರಲಿ.